ವಾಣಿಜ್ಯವೂ ಗಣಕವೂ ಕೂಡಿದ ಪದವಿ: ಮಕ್ಕಳು ಮತ್ತು ಪಾಲಕರು ತಿಳಿಯಬೇಕಾದ ಸಂಗತಿಗಳು



ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದ ದಿನದಿಂದ ಶ್ರೀಮಠಕ್ಕೆ ಬರುವ ಅನೇಕ ಭಕ್ತರ ಕೈಯಲ್ಲಿ ಹೂವು-ಪತ್ರೆಯ ಜೊತೆಗೆ ಮಕ್ಕಳ ಅಂಕಪಟ್ಟಿಯೂ ಇರುತ್ತದೆ. ಗದ್ದುಗೆಯ ದರ್ಶನ ಮುಗಿಸಿ, ಪೂಜ್ಯರ ಆಶೀರ್ವಾದ ಪಡೆದು, ನೇರವಾಗಿ ಕಚೇರಿಗೆ ಬಂದು ಕುಳಿತುಕೊಳ್ಳುತ್ತಾರೆ. ಮೊದಲೆಲ್ಲ ಡಾಕ್ಟರ್, ಎಂಜಿನಿಯರ್, ಶಿಕ್ಷಕ ವೃತ್ತಿಗಳ ಬಗ್ಗೆಯೇ ಹೆಚ್ಚು ವಿಚಾರಣೆ ಇರುತ್ತಿತ್ತು. ಈಚಿನ ವರ್ಷಗಳಲ್ಲಿ ವಾಣಿಜ್ಯ ವಿಭಾಗದಲ್ಲಿ ಪಾಸಾದ ಮಕ್ಕಳ ಪಾಲಕರು ಬಿಸಿಎ, ಬಿಬಿಎ, ಕಂಪ್ಯೂಟರ್ ವಿಷಯವಿರುವ ಬಿ.ಕಾಂ. ಇವುಗಳ ಬಗ್ಗೆ ಕೇಳುತ್ತಿದ್ದಾರೆ.

ಕಳೆದ ವರ್ಷ ಹೀಗೆಯೇ ಒಬ್ಬ ರೈತರು ಮಗಳನ್ನು ಕರೆದುಕೊಂಡು ಬಂದಿದ್ದರು. ದೂರದ ನಗರದ ಖಾಸಗಿ ಕಾಲೇಜೊಂದರ ಬಣ್ಣದ ಕರಪತ್ರ ಅವರ ಜೇಬಿನಲ್ಲಿತ್ತು. ಇನ್ನೊಂದು ಚೀಲದಲ್ಲಿ ಹೊಲದ ಉತಾರವಿತ್ತು. "ಸಾಹೇಬ್ರ, ಈ ಕೋರ್ಸ್ ಮುಗಿಸಿದ್ರ ನೌಕರಿ ಖಾತ್ರಿ ಅಂತ ಹೇಳ್ಯಾರ. ಎರಡು ಎಕರೆ ಒತ್ತಿ ಹಾಕಿದ್ರ ಫೀ ಹೊಂದತೈತ್ರಿ. ಹಾಕಲೇನ್ರಿ?" ಎಂದು ಕೇಳಿದರು. ಮಗಳು ಏನನ್ನು ಓದಲಿದ್ದಾಳೆ ಎಂದು ಕೇಳಿದಾಗ "ಕಂಪ್ಯೂಟರ್ ರೀ" ಎಂಬುದಷ್ಟೇ ಅವರ ಉತ್ತರವಾಗಿತ್ತು. ಮಗಳಿಗೂ ಅದಕ್ಕಿಂತ ಹೆಚ್ಚು ತಿಳಿದಿರಲಿಲ್ಲ. ಓದಿನ ಸ್ವರೂಪ ತಿಳಿಯದೆ ಹೊಲವನ್ನು ಅಡವಿಡಲು ಒಂದು ಕುಟುಂಬ ಸಿದ್ಧವಾಗಿತ್ತು. ಈ ಲೇಖನವನ್ನು ಬರೆಯಲು ಆ ದಿನದ ಮಾತುಕತೆಯೇ ಕಾರಣ.

ಮಾಹಿತಿ ವ್ಯವಸ್ಥೆ ಎಂದರೇನು?

ವ್ಯವಹಾರ ಮಾಹಿತಿ ವ್ಯವಸ್ಥೆ ಎಂಬ ಹೆಸರಿನಲ್ಲಿಯೇ ಪ್ರತ್ಯೇಕ ಪದವಿಯನ್ನು ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಗಳ ಹಲವು ವಿಶ್ವವಿದ್ಯಾಲಯಗಳು ನೀಡುತ್ತವೆ. ನಮ್ಮಲ್ಲಿ ಈ ವಿಷಯವು ಸಾಮಾನ್ಯವಾಗಿ ಬಿಸಿಎ, ಬಿಬಿಎ ಮತ್ತು ಬಿ.ಕಾಂ. ಪದವಿಗಳ ಒಳಗೆ ಹಂಚಿಹೋಗಿದೆ. ಹೆಸರು ಯಾವುದೇ ಇರಲಿ, ತಿರುಳು ಒಂದೇ. ಒಂದು ಸಂಸ್ಥೆಯ ವ್ಯವಹಾರವನ್ನು ಅರಿತು, ಅದಕ್ಕೆ ಬೇಕಾದ ಮಾಹಿತಿಯನ್ನು ತಪ್ಪಿಲ್ಲದೆ ಸಂಗ್ರಹಿಸಿ, ಬೇಕಾದವರಿಗೆ ಬೇಕಾದ ಹೊತ್ತಿಗೆ ಒದಗಿಸುವ ಏರ್ಪಾಡನ್ನು ರೂಪಿಸುವುದೇ ಈ ವಿದ್ಯೆ.

ಇಲ್ಲಿ ಗಣಕಯಂತ್ರವು ಒಂದು ಅಂಗ ಮಾತ್ರ. ಯಂತ್ರ, ತಂತ್ರಾಂಶ, ದತ್ತಾಂಶ, ಕೆಲಸದ ಕ್ರಮ, ಕೆಲಸ ಮಾಡುವ ಜನ ಎಂಬ ಐದೂ ಕೂಡಿದಾಗಲೇ ಅದು ವ್ಯವಸ್ಥೆ ಎನಿಸಿಕೊಳ್ಳುತ್ತದೆ. ಇದಕ್ಕೆ ನಮ್ಮ ರೈತ ಬಾಂಧವರೆಲ್ಲ ಬಲ್ಲ ಉದಾಹರಣೆಯೊಂದಿದೆ. ಅದು ಕರ್ನಾಟಕ ಸರ್ಕಾರದ ಭೂಮಿ ಯೋಜನೆ.

ಈ ಶತಮಾನದ ಆರಂಭಕ್ಕೆ ಮುನ್ನ ಪಹಣಿ ಅಥವಾ ಉತಾರವು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿರುತ್ತಿತ್ತು. ರಾಜ್ಯದಲ್ಲಿ ಅಂಥ ಸುಮಾರು 9,000 ಲೆಕ್ಕಿಗರಿದ್ದರು. ಅವರು ಊರಿನಲ್ಲಿ ಸಿಕ್ಕಾಗಲೇ ಉತಾರ ಸಿಗುತ್ತಿತ್ತು. ಭೂಮಿ ಯೋಜನೆಯಡಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳನ್ನು ಗಣಕಕ್ಕೆ ಏರಿಸಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ದೊರೆಯುವಂತೆ ಮಾಡಲಾಯಿತು. ಜನರ ಕಣ್ಣಿಗೆ ಬಿದ್ದದ್ದು ಯಂತ್ರದಿಂದ ಹೊರಬಂದ ಹಾಳೆ. ಆದರೆ ನಿಜವಾದ ಬದಲಾವಣೆ ಕೆಲಸದ ಕ್ರಮದಲ್ಲಾಗಿತ್ತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡಬೇಕೆಂಬ ನಿಯಮವನ್ನು ತಂತ್ರಾಂಶದೊಳಗೆ ಅಳವಡಿಸಲಾಯಿತು. ದಾಖಲೆಯನ್ನು ತಿದ್ದುವ ಅಧಿಕಾರಿ ಬೆರಳಚ್ಚು ನೀಡಿಯೇ ಒಳಹೋಗಬೇಕಾಯಿತು. ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸರ್ಕಾರ ಘೋಷಿಸಿತು. ಈ ಮೂರು ನಿರ್ಧಾರಗಳಿಲ್ಲದೆ ಎಷ್ಟು ಯಂತ್ರ ತಂದಿಟ್ಟಿದ್ದರೂ ಹಳೆಯ ಸ್ಥಿತಿಯೇ ಮುಂದುವರಿಯುತ್ತಿತ್ತು.

ಇದರ ಮತ್ತೊಂದು ಮುಖವನ್ನೂ ನಾವು ಕಂಡಿದ್ದೇವೆ. ದಾಖಲೆ ಏರಿಸುವಾಗ ಹೆಸರಿನ ಒಂದಕ್ಷರವೋ ವಿಸ್ತೀರ್ಣದ ಒಂದಂಕಿಯೋ ತಪ್ಪಿದರೆ, ಯಂತ್ರವು ಆ ತಪ್ಪನ್ನೇ ಅಚ್ಚುಕಟ್ಟಾಗಿ ಮುದ್ರಿಸಿ ಕೊಡುತ್ತದೆ. ಅದನ್ನು ಸರಿಪಡಿಸಿಕೊಳ್ಳಲು ರೈತ ಮತ್ತೆ ಅಲೆಯಬೇಕಾಗುತ್ತದೆ. ಕ್ರಮವನ್ನು ಸರಿಯಾಗಿ ರೂಪಿಸುವುದು, ತಪ್ಪು ಒಳಬಾರದಂತೆ ತಡೆಯುವುದು, ಬಂದರೂ ತಿದ್ದಲು ದಾರಿಯಿಡುವುದು, ಈ ಮೂರನ್ನು ಕಲಿಸುವುದೇ ನಾವು ಹೇಳುತ್ತಿರುವ ಓದು.

ಮೂರು ವರ್ಷಗಳಲ್ಲಿ ಕಲಿಯುವುದೇನು?

ಮೊದಲನೆಯದು ಲೆಕ್ಕಶಾಸ್ತ್ರ. ಲೂಕಾ ಪಾಚಿಯೋಲಿ ಎಂಬ ಇಟಲಿಯ ಸನ್ಯಾಸಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ ಗಣಿತ ಗ್ರಂಥದಲ್ಲಿ ಜಮಾ-ಖರ್ಚಿನ ದ್ವಿನಮೂದು ಪದ್ಧತಿಯನ್ನು ವಿವರಿಸಿದ್ದಾನೆ. ಇಂದಿನ ತಂತ್ರಾಂಶಗಳು ನಡೆಯುವುದೂ ಅದೇ ಸೂತ್ರದ ಮೇಲೆ. ಬೆಂಗಳೂರಿನಲ್ಲಿ ನೆಲೆಗೊಂಡಿರುವ ಟ್ಯಾಲಿ ಸಂಸ್ಥೆಯ ತಂತ್ರಾಂಶವನ್ನು ನಮ್ಮ ಪೇಟೆಯ ಕಿರಾಣಿ ಅಂಗಡಿಯಿಂದ ಅಡತಿ ಅಂಗಡಿಯವರೆಗೂ ಕಾಣುತ್ತೇವೆ. ಗುಂಡಿ ಒತ್ತುವುದನ್ನು ಮೂರು ತಿಂಗಳಲ್ಲಿ ಯಾರಾದರೂ ಕಲಿಯಬಹುದು. ಯಾವ ಮೊತ್ತ ಯಾವ ಖಾತೆಗೆ ಏಕೆ ಹೋಗಬೇಕು ಎಂಬುದನ್ನು ಲೆಕ್ಕಶಾಸ್ತ್ರ ಓದಿದವರು ಮಾತ್ರ ಹೇಳಬಲ್ಲರು.

ಎರಡನೆಯದು ದತ್ತಸಂಚಯ, ಅಂದರೆ ಡೇಟಾಬೇಸ್. 1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಎಂಬ ವಿದ್ವಾಂಸ ಮಾಹಿತಿಯನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಲ್ಲಿ ಇಡುವ ವಿಧಾನವನ್ನು ಮಂಡಿಸಿದ. ಇಂದು ಬ್ಯಾಂಕು, ರೈಲ್ವೆ, ಆಸ್ಪತ್ರೆಗಳ ಬಹುಪಾಲು ದಾಖಲೆಗಳು ಇರುವುದು ಇದೇ ವಿಧಾನದಲ್ಲಿ. ಆ ಕೋಷ್ಟಕಗಳನ್ನು ಪ್ರಶ್ನಿಸಲು ಬಳಸುವ ಭಾಷೆಯೇ ಎಸ್‌ಕ್ಯೂಎಲ್.

ಕೇಳಲು ಇದು ಕಠಿಣವೆನಿಸಬಹುದು. ಶ್ರೀಮಠದ ಉಗ್ರಾಣದ ಸಂಗತಿಯನ್ನೇ ಹೇಳಿದರೆ ಸುಲಭವಾದೀತು. ನಮ್ಮಲ್ಲಿ ಮೂರು ಪುಸ್ತಕಗಳಿದ್ದವು. ಭಕ್ತರಿಂದ ಬಂದ ಧವಸದ ಪುಸ್ತಕ, ಉಗ್ರಾಣದ ದಾಸ್ತಾನು ಪುಸ್ತಕ, ದಾಸೋಹದ ಅಡುಗೆಮನೆಯ ದಿನದ ಬಳಕೆಯ ಪುಸ್ತಕ. ಜಾತ್ರೆ ಮುಗಿದ ಮೇಲೆ ಲೆಕ್ಕ ನೋಡಿದರೆ ಮೂರೂ ಪರಸ್ಪರ ಹೊಂದುತ್ತಿರಲಿಲ್ಲ. ಯಾರ ಮೇಲೂ ಸಂಶಯಪಡುವಂಥದ್ದೇನೂ ಇರಲಿಲ್ಲ. ಒಬ್ಬರು ಜೋಳವನ್ನು ಚೀಲದ ಲೆಕ್ಕದಲ್ಲಿ ಬರೆದರೆ, ಮತ್ತೊಬ್ಬರು ಕ್ವಿಂಟಲ್‌ನಲ್ಲಿ, ಅಡುಗೆಯವರು ಡಬ್ಬಿಯ ಲೆಕ್ಕದಲ್ಲಿ ಬರೆಯುತ್ತಿದ್ದರು. ಒಬ್ಬರೇ ಭಕ್ತರ ಹೆಸರು ಒಂದೆಡೆ ಅಡ್ಡಹೆಸರಿನಿಂದ, ಒಂದೆಡೆ ಊರಿನಿಂದ, ಒಂದೆಡೆ ತಂದೆಯ ಹೆಸರಿನಿಂದ ದಾಖಲಾಗಿರುತ್ತಿತ್ತು.

ನಮ್ಮ ಪ್ರಸಾದ ನಿಲಯದಲ್ಲಿದ್ದು ಬಿಸಿಎ ಓದುತ್ತಿದ್ದ ವಿದ್ಯಾರ್ಥಿಯೊಬ್ಬ ಇದನ್ನು ಕೊನೆಯ ವರ್ಷದ ಪ್ರಾಜೆಕ್ಟ್ ಆಗಿ ಕೈಗೆತ್ತಿಕೊಂಡ. ಕಂಪ್ಯೂಟರ್ ಮುಂದೆ ಕೂರುವ ಮುನ್ನ ಹದಿನೈದು ದಿನ ಉಗ್ರಾಣದಲ್ಲಿಯೇ ಕಳೆದ. ಬಳಿಕ ಮೂರು ನಿಯಮಗಳನ್ನು ಮುಂದಿಟ್ಟ. ಎಲ್ಲ ಧವಸವನ್ನೂ ತೂಗಿ ಕಿಲೋ ಲೆಕ್ಕದಲ್ಲಿಯೇ ಬರೆಯಬೇಕು. ಪ್ರತಿಯೊಬ್ಬ ಭಕ್ತರಿಗೂ ಪ್ರತಿಯೊಂದು ಪದಾರ್ಥಕ್ಕೂ ಒಂದೊಂದು ಸಂಖ್ಯೆ ಇರಬೇಕು. ಒಂದು ಸಂಗತಿಯನ್ನು ಒಂದೇ ಕಡೆ, ಒಂದೇ ಸಲ ದಾಖಲಿಸಿ, ಉಳಿದೆಡೆ ಆ ಸಂಖ್ಯೆಯನ್ನಷ್ಟೇ ಬಳಸಬೇಕು. ದತ್ತಸಂಚಯ ಶಾಸ್ತ್ರದ ಮೂಲಪಾಠ ಇಷ್ಟೇ. ತಂತ್ರಾಂಶ ಬರೆಯಲು ಅವನಿಗೆ ಹೆಚ್ಚು ಕಾಲ ಹಿಡಿಯಲಿಲ್ಲ. ತೂಗಿಯೇ ಬರೆಯಬೇಕೆಂದು ನಮ್ಮ ಹಿರಿಯ ಉಗ್ರಾಣಿಕರನ್ನು ಒಪ್ಪಿಸಲು ಮಾತ್ರ ಎರಡು ತಿಂಗಳು ಹಿಡಿಯಿತು. "ಪುಸ್ತಕದಲ್ಲಿ ಇಲ್ಲದ ಪಾಠ ಇದು" ಎಂದು ಅವನು ಆಗ ಹೇಳಿದ ಮಾತು ಇಂದಿಗೂ ನೆನಪಿದೆ.

ಮೂರನೆಯದು ವ್ಯವಸ್ಥೆಯ ವಿಶ್ಲೇಷಣೆ ಮತ್ತು ವಿನ್ಯಾಸ. ಮೇಲೆ ಹೇಳಿದ ಹದಿನೈದು ದಿನಗಳ ಕೆಲಸಕ್ಕೆ ಶಾಸ್ತ್ರೀಯ ಹೆಸರು ಇದೇ. ಕೆಲಸ ಮಾಡುವವರ ಬಳಿ ಕುಳಿತು, ಕೇಳಿ, ನೋಡಿ, ಚಿತ್ರ ಬರೆದು, ಅನಂತರ ಪರಿಹಾರ ಸೂಚಿಸುವುದು.

ಇವುಗಳ ಜೊತೆಗೆ ಸಿ, ಜಾವಾ, ಪೈಥಾನ್‌ನಂತಹ ಪ್ರೋಗ್ರಾಮಿಂಗ್ ಭಾಷೆಗಳು, ಸಂಖ್ಯಾಶಾಸ್ತ್ರ, ನಿರ್ವಹಣಾಶಾಸ್ತ್ರ, ಇಂಗ್ಲಿಷ್ ಮತ್ತು ಕನ್ನಡ, 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಂತಹ ಕಾನೂನು, ಸೈಬರ್ ಸುರಕ್ಷತೆ ಮುಂತಾದವುಗಳಲ್ಲಿ ಆಯಾ ಪದವಿಗೆ ತಕ್ಕವು ಪಠ್ಯದಲ್ಲಿರುತ್ತವೆ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಮೇಲೆ ವಾಣಿಜ್ಯವನ್ನೂ ಗಣಕವನ್ನೂ ಬೇರೆಬೇರೆಯಾಗಿ ನೋಡುವುದೇ ಕಷ್ಟವಾಗಿದೆ. ಮಾರಿದವನು ಸಲ್ಲಿಸಿದ ಬಿಲ್ಲಿನ ವಿವರವೇ ಕೊಂಡವನ ಖಾತೆಯಲ್ಲಿಯೂ ಕಾಣಿಸಿಕೊಳ್ಳುತ್ತದೆ. ಎರಡರಲ್ಲಿ ಒಂದು ತಪ್ಪಿದರೂ ತೆರಿಗೆ ಹಣ ಸಿಕ್ಕಿಹಾಕಿಕೊಳ್ಳುತ್ತದೆ. ಲೆಕ್ಕವನ್ನೂ ವ್ಯವಸ್ಥೆಯನ್ನೂ ಒಟ್ಟಿಗೆ ಬಲ್ಲವರ ಅಗತ್ಯ ಸಣ್ಣ ಪೇಟೆಗಳಿಗೂ ಬಂದಿರುವುದು ಹೀಗೆ.

ಯಾವ ಪದವಿ ಯಾರಿಗೆ?

ಬಿಸಿಎಯಲ್ಲಿ ಗಣಕದ ಪಾಲು ಹೆಚ್ಚು, ವಾಣಿಜ್ಯದ ಪಾಲು ಕಡಿಮೆ. ತರ್ಕ, ಲೆಕ್ಕ, ಒಗಟು ಬಿಡಿಸುವುದರಲ್ಲಿ ಆಸಕ್ತಿಯುಳ್ಳ ಮಕ್ಕಳಿಗೆ ಇದು ಒಗ್ಗುತ್ತದೆ. ಬಿ.ಕಾಂ.ನಲ್ಲಿ ಲೆಕ್ಕಶಾಸ್ತ್ರ, ತೆರಿಗೆ, ಕಾನೂನುಗಳೇ ಪ್ರಧಾನ. ಕಂಪ್ಯೂಟರ್ ಪತ್ರಿಕೆಗಳು ಅದಕ್ಕೆ ಪೂರಕ. ಬಿಬಿಎಯಲ್ಲಿ ನಿರ್ವಹಣೆ, ಮಾರಾಟ, ಸಿಬ್ಬಂದಿ ವಿಷಯಗಳು ಮುಂದಿರುತ್ತವೆ. ಪ್ರವೇಶದ ಅರ್ಹತೆ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬೇರೆಯಾಗಬಹುದು. ಪಿಯುಸಿಯಲ್ಲಿ ಯಾವ ವಿಷಯ ಓದಿರಬೇಕೆಂಬುದನ್ನು ಆಯಾ ವಿಶ್ವವಿದ್ಯಾಲಯದ ಪ್ರಕಟಣೆಯಲ್ಲಿಯೇ ನೋಡಿಕೊಳ್ಳಬೇಕು.

ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಇಂಗ್ಲಿಷ್ ಭಯ ಸಹಜ. ಮೊದಲ ಸೆಮಿಸ್ಟರ್‌ನಲ್ಲಿ ಅನೇಕರು ಹಿಂದೆ ಬೀಳುವುದು ಬುದ್ಧಿಯ ಕೊರತೆಯಿಂದಲ್ಲ, ಪದಗಳ ಅಪರಿಚಯದಿಂದ. ಒಂದೊಂದು ಪಾರಿಭಾಷಿಕ ಪದಕ್ಕೂ ಕನ್ನಡದಲ್ಲಿ ಅರ್ಥ ಬರೆದುಕೊಂಡು, ವಿಷಯವನ್ನು ಕನ್ನಡದಲ್ಲಿಯೇ ಗೆಳೆಯರಿಗೆ ವಿವರಿಸಿ, ಬಳಿಕ ಇಂಗ್ಲಿಷ್‌ನಲ್ಲಿ ಬರೆಯುವ ರೂಢಿ ಮಾಡಿಕೊಂಡವರು ಎರಡನೆಯ ಸೆಮಿಸ್ಟರ್ ಹೊತ್ತಿಗೆ ಚೇತರಿಸಿಕೊಂಡಿರುವುದನ್ನು ನಮ್ಮ ಪ್ರಸಾದ ನಿಲಯದಲ್ಲಿ ಕಂಡಿದ್ದೇವೆ. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್ ಹಾಗೂ ಕೇಂದ್ರ ಸರ್ಕಾರದ ಸ್ವಯಂ ತಾಣಗಳಲ್ಲಿ ಪಾಠಗಳನ್ನು ಉಚಿತವಾಗಿ ಕೇಳಬಹುದು.

ಕಾಲೇಜು ಆರಿಸುವ ಮುನ್ನ

ಕರ್ನಾಟಕದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ 2024-25ನೆಯ ಸಾಲಿನಿಂದ ಸಾಮಾನ್ಯ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಅದೇ ಸಾಲಿನಿಂದ ಬಿಸಿಎ ಮತ್ತು ಬಿಬಿಎ ಕೋರ್ಸುಗಳು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ, ಅಂದರೆ ಎಐಸಿಟಿಇಯ ವ್ಯಾಪ್ತಿಗೂ ಬಂದಿವೆ. ಆದ್ದರಿಂದ ಕಾಲೇಜಿಗೆ ವಿಶ್ವವಿದ್ಯಾಲಯದ ಸಂಯೋಜನೆ ಇದೆಯೇ, ಈ ಕೋರ್ಸಿಗೆ ಎಐಸಿಟಿಇ ಅನುಮೋದನೆ ಇದೆಯೇ ಎಂಬುದನ್ನು ಪಾಲಕರು ಮೊದಲು ವಿಚಾರಿಸಬೇಕು. ಬಳಿಕ ಕಾಲೇಜಿಗೆ ಹೋಗಿ ಕಣ್ಣಾರೆ ನೋಡಬೇಕು. ಕಾಯಂ ಅಧ್ಯಾಪಕರು ಎಷ್ಟು ಮಂದಿ? ಪ್ರಯೋಗಾಲಯದಲ್ಲಿ ಒಂದು ಯಂತ್ರಕ್ಕೆ ಎಷ್ಟು ಮಕ್ಕಳು? ಕಳೆದ ವರ್ಷ ಎಷ್ಟು ಜನ ಸೇರಿ ಎಷ್ಟು ಜನ ಉತ್ತೀರ್ಣರಾದರು? ಕರಪತ್ರದ ಬಣ್ಣಕ್ಕಿಂತ ಈ ಪ್ರಶ್ನೆಗಳ ಉತ್ತರ ಮುಖ್ಯ. ಈಗಾಗಲೇ ಅಲ್ಲಿ ಓದುತ್ತಿರುವ ಇಬ್ಬರು ಮಕ್ಕಳನ್ನು ಮಾತನಾಡಿಸಿದರೆ ಇನ್ನೂ ಒಳ್ಳೆಯದು.

"ನೌಕರಿ ಖಾತ್ರಿ" ಎಂದು ಹೇಳುವ ಸಂಸ್ಥೆಯನ್ನು ಕುರಿತು ಒಂದು ಮಾತು. ಯಾವ ಪದವಿಯೂ ನೌಕರಿಯನ್ನು ಖಾತ್ರಿಪಡಿಸುವುದಿಲ್ಲ. ಅಂಥ ಮಾತನ್ನು ಬರವಣಿಗೆಯಲ್ಲಿ ಕೊಡಿ ಎಂದು ಕೇಳಿ ನೋಡಿ.

ಹಣದ ವಿಷಯದಲ್ಲಿ ದುಡುಕುವುದು ಬೇಡ. ಹತ್ತಿರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಈ ಕೋರ್ಸು ಇದೆಯೇ ಎಂದು ಮೊದಲು ನೋಡಿ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ತಾಣದಲ್ಲಿ ಅರ್ಜಿ ಹಾಕಬೇಕು. ಕೊನೆಯ ದಿನಾಂಕ ದಾಟಿದರೆ ಯಾರ ಶಿಫಾರಸೂ ನಡೆಯುವುದಿಲ್ಲ. ಸಾಲ ಅನಿವಾರ್ಯವಾದರೆ ಬ್ಯಾಂಕಿನ ಶಿಕ್ಷಣ ಸಾಲವನ್ನೇ ಪಡೆಯಿರಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಂತೆ 4 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಆಸ್ತಿಯ ಅಡವು ಬೇಕಿಲ್ಲ. ಓದು ಮುಗಿದ ಮೇಲೆ ಕಂತು ಆರಂಭವಾಗುತ್ತದೆ. ಖಾಸಗಿಯವರಲ್ಲಿ ಹೊಲ ಒತ್ತಿ ಹಾಕುವುದಕ್ಕಿಂತ ಇದು ಎಷ್ಟೋ ಮೇಲು. ಮನೆಯ ಜವಾಬ್ದಾರಿಯಿಂದ ಕಾಲೇಜಿಗೆ ಹೋಗಲಾಗದವರು ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿಸಿಎ ಓದಲು ಅವಕಾಶವಿದೆ.

ಓದಿದ ಮೇಲೆ

ಲೆಕ್ಕ ವಿಭಾಗದ ಸಹಾಯಕರು, ತಂತ್ರಾಂಶ ಪರೀಕ್ಷಕರು, ಗ್ರಾಹಕ ನೆರವು ವಿಭಾಗದ ಸಿಬ್ಬಂದಿ, ದತ್ತಾಂಶ ವಿಶ್ಲೇಷಕರು ಮುಂತಾದ ಕೆಲಸಗಳಿಗೆ ಈ ಪದವೀಧರರು ಹೋಗುತ್ತಾರೆ. ಬ್ಯಾಂಕು ಮತ್ತು ಸರ್ಕಾರಿ ನೇಮಕಾತಿಯ ಪರೀಕ್ಷೆಗಳಲ್ಲಿ ಪದವಿ ಕೇಳುವ ಹುದ್ದೆಗಳಿಗೂ ಅರ್ಹರಾಗುತ್ತಾರೆ. ಮುಂದೆ ಓದುವವರಿಗೆ ಎರಡು ವರ್ಷದ ಎಂಸಿಎ, ಎಂಬಿಎಗಳಿವೆ. ರಾಜ್ಯದಲ್ಲಿ ಇವುಗಳ ಪ್ರವೇಶಕ್ಕೆ ಪಿಜಿಸಿಇಟಿ ಪರೀಕ್ಷೆ ನಡೆಯುತ್ತದೆ. ಸಹಕಾರಿ ಸಂಘ, ಹಾಲಿನ ಡೇರಿ, ಅಡತಿ ಅಂಗಡಿ, ಶಾಲೆ, ಆಸ್ಪತ್ರೆಗಳಿಗೆ ಲೆಕ್ಕ ಮತ್ತು ದಾಖಲೆಯ ವ್ಯವಸ್ಥೆ ಮಾಡಿಕೊಟ್ಟು ಊರಿನಲ್ಲಿಯೇ ಬದುಕು ಕಟ್ಟಿಕೊಂಡವರೂ ನಮ್ಮ ಭಕ್ತರಲ್ಲಿದ್ದಾರೆ.

ಕೃತಕ ಬುದ್ಧಿಮತ್ತೆ ಬಂದಿರುವಾಗ ಈ ಓದಿನಿಂದ ಪ್ರಯೋಜನವುಂಟೇ ಎಂದು ಕೆಲವರು ಕೇಳುತ್ತಾರೆ. ಒಂದೆಡೆಯಿಂದ ಮತ್ತೊಂದೆಡೆಗೆ ನಕಲು ಮಾಡುವಂಥ ಕೆಲಸವನ್ನು ಯಂತ್ರ ಮಾಡಬಲ್ಲದು, ಸರಳ ಪ್ರೋಗ್ರಾಮನ್ನೂ ಬರೆಯಬಲ್ಲದು. ಆದರೆ ಅಡುಗೆಮನೆಯ ಡಬ್ಬಿಯಲ್ಲಿ ಎಷ್ಟು ಕಿಲೋ ಹಿಡಿಯುತ್ತದೆ ಎಂದು ಹೋಗಿ ತೂಗಿ ನೋಡುವವರು, ಯಾವ ಪ್ರಶ್ನೆ ಕೇಳಬೇಕೆಂದು ಅರಿತವರು, ಬಂದ ಉತ್ತರ ಸರಿಯೇ ಎಂದು ಪರೀಕ್ಷಿಸಬಲ್ಲವರು ಬೇಕೇ ಬೇಕು. ಬರೀ ಗುಂಡಿ ಒತ್ತುವುದನ್ನು ಕಲಿತವರಿಗೆ ಕಷ್ಟ. ಕೆಲಸದ ಒಳಗನ್ನು ಕಲಿತವರಿಗೆ ದಾರಿಯಿದೆ.

ಲೆಕ್ಕವೂ ಕಾಯಕವೇ

ವಿಶ್ವಗುರು ಬಸವಣ್ಣನವರು ಬಿಜ್ಜಳನ ಆಡಳಿತದಲ್ಲಿ ಕರಣಿಕರಾಗಿ ಸೇರಿ ಭಂಡಾರಿಯ ಹೊಣೆಗೆ ಏರಿದವರೆಂಬುದನ್ನು ನಾವೆಲ್ಲ ಬಲ್ಲೆವು. ಪರರ ಹಣದ ಲೆಕ್ಕವನ್ನು ಕಳಂಕವಿಲ್ಲದೆ ನಡೆಸುವುದು ಕಾಯಕವೇ ಹೌದೆಂಬುದಕ್ಕೆ ಅವರ ಬದುಕೇ ಸಾಕ್ಷಿ. ಆಯ್ದಕ್ಕಿ ಮಾರಯ್ಯ ದಂಪತಿಗಳ ಕಥೆಯೂ ಇಲ್ಲಿ ನೆನಪಿಗೆ ಬರುತ್ತದೆ. ಮಾರಯ್ಯನವರು ಒಂದು ದಿನ ಎಂದಿನದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅಗತ್ಯಕ್ಕಿಂತ ಹೆಚ್ಚಿನದು ನಮಗೆ ಸಲ್ಲದೆಂದು ಲಕ್ಕಮ್ಮನವರು ಅದನ್ನು ಹಿಂದಕ್ಕೆ ಕಳುಹಿಸಿದರು.

ಇಂದು ಅಕ್ಕಿಯ ಜಾಗದಲ್ಲಿ ಜನರ ಮಾಹಿತಿ ಇದೆ. ಅಂಗಡಿ, ಆ್ಯಪ್, ಆಸ್ಪತ್ರೆಗಳೆಲ್ಲ ನಮ್ಮ ಮೊಬೈಲ್ ಸಂಖ್ಯೆ, ವಿಳಾಸ, ಜನ್ಮದಿನಾಂಕಗಳನ್ನು ಬೇಕಿದ್ದರೂ ಬೇಡದಿದ್ದರೂ ಕೂಡಿಡುತ್ತವೆ. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ಒಪ್ಪಿಗೆ ಪಡೆದು ಹೇಳಿದ ಉದ್ದೇಶಕ್ಕೆ ಬೇಕಾದಷ್ಟನ್ನೇ ಬಳಸಬೇಕೆನ್ನುತ್ತದೆ. ಲಕ್ಕಮ್ಮನವರು ತಮ್ಮ ಗುಡಿಸಲಿನಲ್ಲಿ ಪಾಲಿಸಿದ ನಿಯಮವೂ ಇದೇ ದಾರಿಯದು. ನಮ್ಮ ಮಕ್ಕಳು ನಾಳೆ ಲಕ್ಷಾಂತರ ಜನರ ದಾಖಲೆಗಳ ಮುಂದೆ ಕುಳಿತಾಗ, ಯಾರೂ ನೋಡದಿದ್ದರೂ ಹೆಚ್ಚಿನದನ್ನು ಮುಟ್ಟದ ಸಂಯಮ ಅವರಲ್ಲಿರಬೇಕು. ಅದನ್ನು ಯಾವ ಪಠ್ಯಕ್ರಮವೂ ಪೂರ್ತಿಯಾಗಿ ಕಲಿಸಲಾರದು. ಅದು ಮನೆಯಿಂದ, ಮಠದಿಂದ ಬರಬೇಕಾದ ಸಂಸ್ಕಾರ.

ಮೊದಲು ಹೇಳಿದ ರೈತರ ಮಗಳ ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ಅಂದು ನಾವು ಮೂವರೂ ಒಂದು ಗಂಟೆ ಕುಳಿತು ಇವೇ ವಿಷಯಗಳನ್ನು ಮಾತನಾಡಿದೆವು. ಪ್ರೋಗ್ರಾಮಿಂಗ್‌ಗಿಂತ ಲೆಕ್ಕಶಾಸ್ತ್ರದಲ್ಲಿಯೇ ತನಗೆ ಒಲವು ಹೆಚ್ಚೆಂದು ಆಕೆಯೇ ಹೇಳಿದಳು. ತಾಲ್ಲೂಕಿನ ಸರ್ಕಾರಿ ಕಾಲೇಜಿನಲ್ಲಿ ಬಿ.ಕಾಂ. ಸೇರಿದ್ದಾಳೆ, ಕಂಪ್ಯೂಟರ್ ಪತ್ರಿಕೆಗಳನ್ನೂ ಆಯ್ದುಕೊಂಡಿದ್ದಾಳೆ. ಮುಂದೆ ಏನಾಗುವುದೆಂದು ಇಂದೇ ಹೇಳಲಾಗದು. ಎರಡು ಎಕರೆ ಹೊಲವಂತೂ ಅವರಲ್ಲಿಯೇ ಉಳಿದಿದೆ. ಈ ಸಲ ಹಿಂಗಾರಿ ಜೋಳದ ಒಂದು ಚೀಲವನ್ನು ದಾಸೋಹಕ್ಕೆ ತಂದ ಆ ತಂದೆ, ತೂಕದ ಯಂತ್ರದ ಮೇಲೆ ತಾವೇ ಇಟ್ಟು, ಕಿಲೋ ಎಷ್ಟೆಂದು ಬರೆಸಿ ಹೋದರು.

ಪ್ರವೇಶದ ದಿನಗಳಲ್ಲಿ ಸಂಶಯವಿರುವ ಪಾಲಕರು ಮಗ ಅಥವಾ ಮಗಳನ್ನೂ ಅಂಕಪಟ್ಟಿಯನ್ನೂ ಜೊತೆಗೆ ತಂದು ಶ್ರೀಮಠದ ಕಚೇರಿಯಲ್ಲಿ ವಿಚಾರಿಸಬಹುದು. ಹಣ ಕಟ್ಟುವ ಮುನ್ನವೇ ಬನ್ನಿರೆಂದು ವಿನಂತಿ.


ಕಾರ್ಯದರ್ಶಿ, ಶ್ರೀಮಠ